ವಿರಳವಲ್ಲದ ‘ವಿರಳ ಭೂಧಾತು’: ಖನಿಜದ ಪಾಠದಿಂದ ಅರ್ಥಶಾಸ್ತ್ರದ ಪಾಠಕ್ಕೆ ಮೂರು ಅವಧಿಗಳು

ಹತ್ತನೆಯ ತರಗತಿಯ ಖನಿಜ ಮತ್ತು ಶಕ್ತಿ ಸಂಪನ್ಮೂಲಗಳ ಪಾಠವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಬೋಧಿಸುವುದನ್ನು ನಾನು ಹಲವು ವರ್ಷಗಳಿಂದ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುತ್ತ ಬಂದಿದ್ದೇನೆ. ಮೊದಲರ್ಧದಲ್ಲಿ ಯಾವ ಖನಿಜ ಎಲ್ಲಿ ಸಿಗುತ್ತದೆ ಎಂಬ ಪಟ್ಟಿ ಬರುತ್ತದೆ. ಉಳಿದರ್ಧದಲ್ಲಿ ಮುಗಿದುಹೋಗುವ ಮತ್ತು ಮುಗಿಯದ ಶಕ್ತಿಮೂಲಗಳ ವರ್ಗೀಕರಣ ಬರುತ್ತದೆ. ಈ ಎರಡು ಅರ್ಧಗಳು ಒಂದಕ್ಕೊಂದು ತಾಗುವುದಿಲ್ಲ. ಗಾಳಿ ಮುಗಿಯದ ಸಂಪನ್ಮೂಲ ಎಂದು ಮಕ್ಕಳು ಬರೆಯುತ್ತಾರೆ. ಆದರೆ ಗಾಳಿಯನ್ನು ವಿದ್ಯುತ್ತಾಗಿ ಮಾಡುವ ಯಂತ್ರ ಮಾತ್ರ ಖನಿಜದಿಂದಲೇ ಆಗಿದೆ ಎಂಬುದು ಅವರ ಉತ್ತರದಲ್ಲಿ ಬರುವುದಿಲ್ಲ.

ಈ ಎರಡನ್ನೂ ಜೋಡಿಸಲು ವಿರಳ ಭೂಧಾತುಗಳು ಒಳ್ಳೆಯ ಕಲಿಕಾಂಶ. ಪತ್ರಿಕೆ, ಟಿ.ವಿ.ಗಳಲ್ಲಿ ‘ರೇರ್ ಅರ್ಥ್’ ಎಂಬ ಮಾತು ಮಕ್ಕಳ ಕಿವಿಗೂ ಬಿದ್ದಿದೆ. ಆದರೆ ‘ನೆಲದಲ್ಲಿ ಬಹಳ ಕಡಿಮೆ ಇದೆ, ಅದಕ್ಕೇ ದೇಶಗಳು ಕಿತ್ತಾಡುತ್ತಿವೆ’ ಎಂಬ ಕಲ್ಪನೆಯೂ ಅದರ ಜೊತೆಗೇ ಬಂದಿದೆ. ಈ ಕಲ್ಪನೆ ಸರಿಯಲ್ಲ. ಅದನ್ನು ಹಾಗೆಯೇ ಬಿಟ್ಟರೆ ಮುಂದಿನ ಅರ್ಥಶಾಸ್ತ್ರವೆಲ್ಲ ತಪ್ಪು ದಾರಿ ಹಿಡಿಯುತ್ತದೆ. ಹೀಗಾಗಿ ಗದಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ, ಆರು ಮಂದಿ ಪ್ರಶಿಕ್ಷಣಾರ್ಥಿಗಳ ಸಮ್ಮುಖದಲ್ಲಿ, ತಲಾ 40 ನಿಮಿಷದ ಮೂರು ಅವಧಿಗಳ ಮಾದರಿ ಪಾಠವನ್ನು ನಾನು ನಡೆಸಿದೆ. ಅದರ ಕ್ರಮವನ್ನೂ, ಪ್ರತಿ ಹಂತವನ್ನು ಏಕೆ ಹಾಗೆ ಇಟ್ಟೆ ಎಂಬುದನ್ನೂ ಇಲ್ಲಿ ಕೊಡುತ್ತಿದ್ದೇನೆ.

ಪಾಠದ ಚೌಕಟ್ಟು

ತರಗತಿ: 10. ವಿಷಯ: ಸಮಾಜ ವಿಜ್ಞಾನ (ಭೂಗೋಳ ಮತ್ತು ಅರ್ಥಶಾಸ್ತ್ರದ ಸಮನ್ವಯ). ಮಕ್ಕಳು: 38.

ಪೂರ್ವಜ್ಞಾನ: ಮಿಶ್ರಣಗಳನ್ನು ಬೇರ್ಪಡಿಸುವ ವಿಧಾನಗಳು, ಆಯಸ್ಕಾಂತ ಮತ್ತು ವಿದ್ಯುತ್ ಮೋಟಾರ್, ಬೇಡಿಕೆ ಮತ್ತು ಪೂರೈಕೆ.

ಕಲಿಕಾ ಫಲಗಳು: (1) ‘ವಿರಳ’ ಎಂಬ ಹೆಸರಿನ ನಿಜವಾದ ಕಾರಣವನ್ನು ವಿವರಿಸುವುದು. (2) ಅದಿರಿನಿಂದ ಆಯಸ್ಕಾಂತದವರೆಗಿನ ಸರಪಳಿಯಲ್ಲಿ ಬೆಲೆ ಮತ್ತು ಹಿಡಿತ ಎಲ್ಲಿದೆ ಎಂದು ಗುರುತಿಸುವುದು. (3) ಇಂಧನವನ್ನು ಅವಲಂಬಿಸುವುದಕ್ಕೂ ಸಾಮಗ್ರಿಯನ್ನು ಅವಲಂಬಿಸುವುದಕ್ಕೂ ಇರುವ ವ್ಯತ್ಯಾಸವನ್ನು ಲೆಕ್ಕದ ಸಹಿತ ಹೇಳುವುದು.

ಬೋಧನೋಪಕರಣಗಳು: ರಾಗಿ, ಸಾಸಿವೆ, ಜರಡಿ, ಸ್ಟೀಲ್ ತಟ್ಟೆಗಳು, ಹಳೆಯ ಸ್ಪೀಕರ್‌ನ ಕಪ್ಪು ಆಯಸ್ಕಾಂತ, ಕೆಟ್ಟ ಹಾರ್ಡ್‌ಡಿಸ್ಕ್‌ನಿಂದ ತೆಗೆದ ಚಿಕ್ಕ ಆಯಸ್ಕಾಂತ, ಗುಂಡುಸೂಜಿಗಳು, ಭೂಪಟ.

ಮೊದಲ ಅವಧಿ: ಹೆಸರನ್ನು ಬಿಡಿಸುವುದು

ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಮಕ್ಕಳೆಲ್ಲ ನೋಡಿದವರೇ. ಅವುಗಳ ಬಗ್ಗೆ ನಿಮಗೆ ಕೇಳಬೇಕೆನಿಸಿದ ಒಂದು ಪ್ರಶ್ನೆ ಹೇಳಿ ಎಂದೆ. ಒಬ್ಬ ಹುಡುಗಿ ಎದ್ದು, “ಸರ್, ಗಾಳಿಗೆ ಯಾರೂ ರೊಕ್ಕ ಕೊಡಂಗಿಲ್ಲ. ಮತ್ತ ಕರೆಂಟ್ ಬಿಲ್ ಯಾಕ್ರಿ ಬರ್ತೈತಿ?” ಎಂದಳು. ಇದಕ್ಕಿಂತ ಉತ್ತಮ ಪೀಠಿಕೆ ಬೇಕಿರಲಿಲ್ಲ. ಪ್ರಶ್ನೆಯನ್ನು ಹಲಗೆಯ ಎಡಮೂಲೆಯಲ್ಲಿ ಬರೆದು, ಮೂರು ಅವಧಿ ಮುಗಿಯುವವರೆಗೆ ಅಳಿಸಬಾರದು ಎಂದು ಹೇಳಿದೆ. ಕಲ್ಲಿದ್ದಲಿನ ಸ್ಥಾವರದಲ್ಲಿ ದಿನವೂ ಇಂಧನಕ್ಕೆ ಹಣ ಸುರಿಯಬೇಕು. ಗಾಳಿಯಂತ್ರದಲ್ಲಿ ಆ ಖರ್ಚು ಇಲ್ಲ, ಆದರೆ ಯಂತ್ರದ ಖರ್ಚೆಲ್ಲ ಮೊದಲ ದಿನವೇ ಬೀಳುತ್ತದೆ. ಆ ಹಣಕ್ಕೆ ಬಡ್ಡಿ ಇದೆ, ಯಂತ್ರದೊಳಗಿನ ಉಕ್ಕು, ತಾಮ್ರ, ಆಯಸ್ಕಾಂತಗಳಿಗೆ ಬೆಲೆ ಇದೆ. ಹೀಗೆ ಗಾಳಿಯಿಂದ ಖನಿಜಕ್ಕೆ ಬಂದೆವು.

ಎರಡು ಆಯಸ್ಕಾಂತಗಳನ್ನು ತೋರಿಸಿದೆ. ಅಂಗೈ ಅಗಲದ ಸ್ಪೀಕರ್ ಆಯಸ್ಕಾಂತಕ್ಕಿಂತ ಹೆಬ್ಬೆರಳಿನಷ್ಟು ಹಾರ್ಡ್‌ಡಿಸ್ಕ್ ಆಯಸ್ಕಾಂತ ಹೆಚ್ಚು ಗುಂಡುಸೂಜಿಗಳನ್ನು ಎತ್ತಿತು. ಚಿಕ್ಕದು ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಸೇರಿದ ಆಯಸ್ಕಾಂತ. 1980ರ ದಶಕದ ಆರಂಭದಲ್ಲಿ ಜಪಾನ್‌ನ ಮಸಾತೊ ಸಗಾವಾ ಮತ್ತು ಅಮೆರಿಕದ ಜಾನ್ ಕ್ರೋಟ್ ಬೇರೆಬೇರೆಯಾಗಿ ಇದನ್ನು ರೂಪಿಸಿದರು. ಅದರ ತೂಕದಲ್ಲಿ ಸುಮಾರು ಶೇ. 30 ವಿರಳ ಭೂಧಾತುಗಳು, ಉಳಿದದ್ದು ಬಹುಪಾಲು ಕಬ್ಬಿಣ. ವಿದ್ಯುತ್ ವಾಹನದ ಮೋಟಾರ್‌ನಲ್ಲಿ ಚಿಕ್ಕ ಗಾತ್ರಕ್ಕೆ ಹೆಚ್ಚು ಬಲ ಬರುವುದು ಇದರಿಂದ. (ಈ ಆಯಸ್ಕಾಂತಗಳನ್ನು ಮಕ್ಕಳ ಕೈಗೆ ಬಿಡಿಬಿಡಿಯಾಗಿ ಕೊಡಬೇಡಿ. ಎರಡು ತುಂಡುಗಳ ನಡುವೆ ಬೆರಳು ಸಿಕ್ಕಿದರೆ ಗಾಯವಾಗುತ್ತದೆ.)

ನಂತರ ಹೆಸರು. ವಿರಳ ಭೂಧಾತುಗಳು ಒಟ್ಟು 17: ಲ್ಯಾಂಥನೈಡ್ ಸಾಲಿನ 15, ಜೊತೆಗೆ ಸ್ಕ್ಯಾಂಡಿಯಂ ಮತ್ತು ಇಟ್ರಿಯಂ. ಭೂಮಿಯ ಹೊರಪದರದ ಹತ್ತು ಲಕ್ಷ ಭಾಗದಲ್ಲಿ ಯಾವುದು ಎಷ್ಟು ಭಾಗ ಎಂದು ಹಲಗೆಯ ಮೇಲೆ ಬರೆದೆ. ತಾಮ್ರ ಸುಮಾರು 60, ಸೀರಿಯಂ ಸುಮಾರು 60, ನಿಯೋಡಿಮಿಯಂ ಸುಮಾರು 40, ಸೀಸ ಸುಮಾರು 14, ಚಿನ್ನ 0.004. ಸೀಸಕ್ಕಿಂತ ನಿಯೋಡಿಮಿಯಂ ಹೆಚ್ಚಿದೆ ಎಂದಾಗ ತರಗತಿಯಲ್ಲಿ ಗುಜುಗುಜು ಎದ್ದಿತು. “ಹಂಗಾದ್ರ ವಿರಳ ಅಂತ ಯಾಕ್ರಿ ಕರೀತಾರ?” ಎಂಬ ಪ್ರಶ್ನೆ ತಾನಾಗಿಯೇ ಬಂತು.

ಹೆಸರಿನ ಎರಡೂ ಪದಗಳು ಹಳೆಯ ಕಾಲದವು. ಸ್ವೀಡನ್‌ನ ಇಟ್ಟರ್‌ಬೀ ಎಂಬ ಹಳ್ಳಿಯ ಗಣಿಯಲ್ಲಿ 1787ರಲ್ಲಿ ಸಿಕ್ಕ ಕಪ್ಪು ಕಲ್ಲನ್ನು 1794ರಲ್ಲಿ ರಸಾಯನಶಾಸ್ತ್ರಜ್ಞ ಯೋಹಾನ್ ಗಡೋಲಿನ್ ಪರೀಕ್ಷಿಸಿದ. ಆಗ ಅಂಥ ಕಲ್ಲುಗಳು ಬೇರೆಡೆ ಕಂಡಿರಲಿಲ್ಲವಾದ್ದರಿಂದ ‘ವಿರಳ’. ನೀರಿನಲ್ಲಿ ಕರಗದ ಆಕ್ಸೈಡ್‌ಗಳನ್ನು ಆ ಕಾಲದವರು ‘ಅರ್ಥ್’ ಎನ್ನುತ್ತಿದ್ದರು. ಅದೇ ನಮ್ಮಲ್ಲಿ ‘ಭೂ’ ಎಂದಾಯಿತು. ಇಟ್ರಿಯಂ, ಟರ್ಬಿಯಂ, ಎರ್ಬಿಯಂ, ಇಟರ್ಬಿಯಂ ಎಂಬ ನಾಲ್ಕು ಧಾತುಗಳ ಹೆಸರು ಆ ಒಂದೇ ಹಳ್ಳಿಯದು.

ಹಾಗಾದರೆ ಇಂದಿನ ಕಷ್ಟ ಯಾವುದು? ಇದಕ್ಕೆ ಚಟುವಟಿಕೆ. ಪ್ರತಿ ಗುಂಪಿಗೂ ರಾಗಿ, ಸಾಸಿವೆ, ಸ್ವಲ್ಪ ಹರಳುಕಲ್ಲು ಬೆರೆಸಿ ಕೊಟ್ಟೆ. ಹರಳು ಒಂದು ನಿಮಿಷದಲ್ಲಿ ಜರಡಿಯ ಮೇಲೆ ನಿಂತಿತು. ರಾಗಿ ಮತ್ತು ಸಾಸಿವೆ ಎರಡೂ ಜರಡಿಯಿಂದ ಕೆಳಗಿಳಿದವು. ತಟ್ಟೆಯನ್ನು ಓರೆಯಾಗಿ ಹಿಡಿದು ಮೆಲ್ಲಗೆ ತಟ್ಟಿದರೆ ಗುಂಡಗಿನ ಸಾಸಿವೆ ತುಸು ಮುಂದಾಗಿ ಉರುಳುತ್ತದೆ, ರಾಗಿ ಹಿಂದೆ ಉಳಿಯುತ್ತದೆ. ಮುಂದೆ ಬಂದ ಪಾಲನ್ನು ಮತ್ತೊಂದು ತಟ್ಟೆಗೆ ಹಾಕಿ ಮತ್ತೆ ತಟ್ಟಬೇಕು. ಪ್ರತಿ ಸಲವೂ ಸ್ವಲ್ಪವೇ ಸುಧಾರಣೆ. ಹತ್ತು ನಿಮಿಷದಲ್ಲಿ ಯಾವ ಗುಂಪಿಗೂ ಶುದ್ಧ ಸಾಸಿವೆ ಸಿಗಲಿಲ್ಲ. “ಕೈಲೆ ಆರಿಸಿದ್ರ ಸಂಜಿ ಆಕ್ಕೈತ್ರಿ ಸರ್” ಎಂದ ಒಬ್ಬ. “ಸಂಜೆಯವರೆಗೆ ಆರಿಸಿದವರಿಗೆ ಕೂಲಿ ಎಷ್ಟು?” ಎಂದು ಕೇಳಿದೆ. ಸಾಸಿವೆಯ ಬೆಲೆಗೆ ಆರಿಸುವ ಕೂಲಿಯೂ ಸೇರುತ್ತದೆ ಎಂಬುದು ಅಲ್ಲಿಯೇ ಅವರಿಗೆ ಹೊಳೆಯಿತು.

ವಿರಳ ಭೂಧಾತುಗಳಲ್ಲಿ ನಡೆಯುವುದೂ ಇದೇ. ರಾಸಾಯನಿಕ ಗುಣದಲ್ಲಿ ಅವು ಒಂದನ್ನೊಂದು ತುಂಬ ಹೋಲುತ್ತವೆ, ಒಂದೇ ಅದಿರಿನಲ್ಲಿ ಒಟ್ಟಿಗೆ ಇರುತ್ತವೆ. ಅದಿರನ್ನು ಆಮ್ಲದಲ್ಲಿ ಕರಗಿಸಿ, ಆ ದ್ರಾವಣವನ್ನು ಸಾವಯವ ದ್ರಾವಕದೊಂದಿಗೆ ಕಲಕಿ, ನಿಲ್ಲಿಸಿ, ಬೇರ್ಪಡಿಸುವ ಕ್ರಿಯೆಯನ್ನು ಸಾಲುಸಾಲು ತೊಟ್ಟಿಗಳಲ್ಲಿ ನೂರಾರು ಸಲ ಮಾಡಬೇಕು. ಈ ಸರಣಿಯನ್ನು ಮುಂಚೆಯೇ ಲೆಕ್ಕ ಹಾಕಿ ವಿನ್ಯಾಸಗೊಳಿಸುವ ಸಿದ್ಧಾಂತವನ್ನು 1970ರ ದಶಕದಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ಶು ಗುವಾಂಗ್‌ಶಿಯಾನ್ ಬೆಳೆಸಿದರು. ಚೀನಾದ ಇಂದಿನ ಹಿಡಿತಕ್ಕೆ ಅದಿರಿನಷ್ಟೇ ಈ ವಿದ್ಯೆಯೂ ಕಾರಣ. ಅವಧಿಯ ಕೊನೆಯಲ್ಲಿ ಮಕ್ಕಳು ಬರೆದುಕೊಂಡ ವಾಕ್ಯ: ‘ವಿರಳವಾಗಿರುವುದು ಧಾತು ಅಲ್ಲ, ಅದನ್ನು ಬೇರ್ಪಡಿಸುವ ಶಕ್ತಿ.’

ಎರಡನೆಯ ಅವಧಿ: ಬೆಲೆ ಎಲ್ಲಿ, ಹಿಡಿತ ಎಲ್ಲಿ

ಅವಧಿಯನ್ನು ಕಾರ್ಡುಗಳಿಂದ ಆರಂಭಿಸಿದೆ. ಸೌರಫಲಕ, ವಾಹನದ ಬ್ಯಾಟರಿ, ವಾಹನದ ಮೋಟಾರ್, ಗಾಳಿಯಂತ್ರ ಎಂಬ ನಾಲ್ಕು ಕಾರ್ಡುಗಳಲ್ಲಿ ವಿರಳ ಭೂಧಾತು ಇರುವುದನ್ನು ಆರಿಸಬೇಕು. ಹೆಚ್ಚಿನ ಮಕ್ಕಳು ನಾಲ್ಕನ್ನೂ ಆರಿಸಿದರು. ಬಹಳಷ್ಟು ದೊಡ್ಡವರ ಉತ್ತರವೂ ಹೀಗೇ ಇರುತ್ತದೆ. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕಿನಲ್ಲಿರುವಂಥ ಫಲಕಗಳಿಗೆ ಬೇಕಾದದ್ದು ಸಿಲಿಕಾನ್, ಗಾಜು, ಅಲ್ಯೂಮಿನಿಯಂ, ತಾಮ್ರ, ಸ್ವಲ್ಪ ಬೆಳ್ಳಿ. ಲಿಥಿಯಂ ಬ್ಯಾಟರಿಗೆ ಲಿಥಿಯಂ, ಗ್ರಾಫೈಟ್, ಮಾದರಿಗೆ ತಕ್ಕಂತೆ ನಿಕ್ಕಲ್, ಕೋಬಾಲ್ಟ್ ಅಥವಾ ಕಬ್ಬಿಣ ಮತ್ತು ರಂಜಕ. ಇವು ಯಾವುವೂ ಆ 17ರ ಪಟ್ಟಿಯಲ್ಲಿಲ್ಲ. ಗಾಳಿಯಂತ್ರಗಳಲ್ಲೂ ಎಲ್ಲವೂ ಒಂದೇ ಅಲ್ಲ: ಗೇರ್‌ಬಾಕ್ಸ್ ಇರುವ ಬಹಳಷ್ಟು ಹಳೆಯ ಯಂತ್ರಗಳ ಜನರೇಟರ್‌ನಲ್ಲಿ ತಾಮ್ರದ ಸುರುಳಿಯಷ್ಟೇ ಇರುತ್ತದೆ. ಗೇರ್‌ಬಾಕ್ಸ್ ಇಲ್ಲದ, ವಿಶೇಷವಾಗಿ ಸಮುದ್ರದಲ್ಲಿ ನಿಲ್ಲಿಸುವ ದೊಡ್ಡ ಯಂತ್ರಗಳಲ್ಲಿ ಶಾಶ್ವತ ಆಯಸ್ಕಾಂತ ಹೆಚ್ಚು. ಹೀಗೆ ಪ್ರಶ್ನೆ ಎಷ್ಟು ದೊಡ್ಡದು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡೆವು. ಅದು ಮುಖ್ಯವಾಗಿ ಮೋಟಾರ್ ಮತ್ತು ಜನರೇಟರ್‌ಗಳ ಆಯಸ್ಕಾಂತದ ಪ್ರಶ್ನೆ.

ಬಳಿಕ ಹಲಗೆಯ ಉದ್ದಕ್ಕೂ ಸರಪಳಿ ಬರೆದೆ: ಅದಿರು, ಸಾಂದ್ರೀಕರಿಸಿದ ಅದಿರು, ಬೇರ್ಪಡಿಸಿದ ಆಕ್ಸೈಡ್, ಲೋಹ, ಆಯಸ್ಕಾಂತ, ಮೋಟಾರ್. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ಗಣಿಗಾರಿಕೆ ಸುಮಾರು 3,90,000 ಟನ್ (ಆಕ್ಸೈಡ್ ಲೆಕ್ಕದಲ್ಲಿ), ಅದರಲ್ಲಿ ಚೀನಾದ್ದು 2,70,000 ಟನ್, ಅಂದರೆ ಸುಮಾರು ಶೇ. 70. ಬೇರ್ಪಡಿಸುವ ಹಂತಕ್ಕೆ ಬಂದರೆ ಚೀನಾದ ಪಾಲು ಸುಮಾರು ಶೇ. 90. ಆಯಸ್ಕಾಂತ ತಯಾರಿಕೆಯಲ್ಲೂ ಅಷ್ಟೇ. ಸರಪಳಿಯಲ್ಲಿ ಮುಂದಕ್ಕೆ ಹೋದಂತೆ ಹಿಡಿತ ಬಿಗಿಯಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೌಂಟನ್ ಪಾಸ್ ಎಂಬ ದೊಡ್ಡ ಗಣಿ ಇದೆ. ಈಚಿನವರೆಗೂ ಅಲ್ಲಿ ಅಗೆದ ಸಾಂದ್ರ ಅದಿರು ಬೇರ್ಪಡಿಸುವುದಕ್ಕಾಗಿ ಚೀನಾಕ್ಕೇ ಹೋಗುತ್ತಿತ್ತು. ರಾಗಿ-ಸಾಸಿವೆ ಮಾಡಿದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಲಿಲ್ಲ.

ಭಾರತದ ಅಂಕಿಗಳನ್ನು ಮಕ್ಕಳೇ ಲೆಕ್ಕ ಹಾಕಿದರು. ಅದೇ ಅಂದಾಜಿನಂತೆ ನಮ್ಮ ನಿಕ್ಷೇಪ 69 ಲಕ್ಷ ಟನ್. ಚೀನಾ, ಬ್ರೆಜಿಲ್‌ಗಳ ನಂತರದ ಸ್ಥಾನ. 2024ರ ಉತ್ಪಾದನೆ 2,900 ಟನ್. ಜಗತ್ತಿನ ಉತ್ಪಾದನೆಯಲ್ಲಿ ನಮ್ಮ ಪಾಲು ಶೇ. 1ಕ್ಕೂ ಕಡಿಮೆ. ಭೂಪಟದಲ್ಲಿ ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿ, ಒಡಿಶಾದ ಛತ್ರಪುರ ಗುರುತಿಸಿದೆವು. ಇಲ್ಲಿನ ಕಡಲತೀರದ ಮರಳಿನಲ್ಲಿ ಮೊನಜೈಟ್ ಇದೆ. ತಿರುವಾಂಕೂರಿನಿಂದ ಯೂರೋಪಿಗೆ ಹೋದ ತೆಂಗಿನ ನಾರಿಗೆ ಅಂಟಿದ ಮರಳಿನಲ್ಲಿ 1909ರಲ್ಲಿ ಜರ್ಮನಿಯ ಶಾಂಬರ್ಗ್ ಅದನ್ನು ಗುರುತಿಸಿದ. ಆಗ ಅದಕ್ಕೆ ಬೇಡಿಕೆ ಇದ್ದದ್ದು ಗ್ಯಾಸ್‌ಲೈಟಿನ ಮ್ಯಾಂಟಲ್‌ಗಾಗಿ. ಪೆಟ್ರೋಮ್ಯಾಕ್ಸ್ ದೀಪದ ಆ ಬಿಳಿ ಜಾಳಿಗೆಯಲ್ಲಿ ಥೋರಿಯಂ ಆಕ್ಸೈಡಿನ ಜೊತೆ ಚಿಟಿಕೆಯಷ್ಟು ಸೀರಿಯಂ ಇರುತ್ತಿತ್ತು. ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆ ಹುಟ್ಟಿದ್ದು 1950ರಲ್ಲಿ, ಆಲುವಾ ಘಟಕ ಕೆಲಸ ಆರಂಭಿಸಿದ್ದು 1952ರಲ್ಲಿ. ಹೊರಡುವುದರಲ್ಲಿ ನಾವು ಹಿಂದೆ ಬಿದ್ದಿರಲಿಲ್ಲ. ಆದರೆ ಮೊನಜೈಟ್‌ನಲ್ಲಿ ವಿಕಿರಣಶೀಲ ಥೋರಿಯಂ ಇರುವುದರಿಂದ ಅದು ಅಣುಶಕ್ತಿ ಕಾನೂನಿನ ಹತೋಟಿಯಲ್ಲಿದೆ. ಜೊತೆಗೆ ಬೇರ್ಪಡಿಸಿದ ಆಕ್ಸೈಡನ್ನು ಕೊಳ್ಳುವ ಆಯಸ್ಕಾಂತದ ಕಾರ್ಖಾನೆಗಳು ನಮ್ಮಲ್ಲಿ ಬೆಳೆಯಲಿಲ್ಲ. ಮುಂದಿನ ಕೊಂಡಿ ಇಲ್ಲದಿದ್ದರೆ ಹಿಂದಿನ ಕೊಂಡಿಗೂ ಲಾಭವಿಲ್ಲ.

ಮುಂದಿನದು ಬೆಲೆಯ ಲೆಕ್ಕ. ಒಂದು ವಿದ್ಯುತ್ ಕಾರಿನ ಮೋಟಾರ್‌ನಲ್ಲಿ ಒಂದೂವರೆ ಕಿಲೋ ಆಯಸ್ಕಾಂತ ಇದೆ ಎನ್ನೋಣ. ಶೇ. 30ರಂತೆ 450 ಗ್ರಾಂ ವಿರಳ ಭೂಧಾತು. ಕಿಲೋಗೆ 60 ಡಾಲರ್ ಎಂದು ಹಿಡಿದರೆ 27 ಡಾಲರ್. ಡಾಲರಿಗೆ 85 ರೂಪಾಯಿಯಂತೆ ಸುಮಾರು 2,300 ರೂಪಾಯಿ. ಕಾರಿನ ಬೆಲೆ 12 ಲಕ್ಷವಾದರೆ ನೂರು ರೂಪಾಯಿಯಲ್ಲಿ ಸುಮಾರು 20 ಪೈಸೆ. “ಇಷ್ಟು ಸಣ್ಣ ಖರ್ಚಿಗೆ ಇಷ್ಟು ಗದ್ದಲ ಏಕೆ?” ಎಂದು ಕೇಳಿದೆ. ಸ್ವಲ್ಪ ಹೊತ್ತಿನ ನಂತರ ಕಿಟಕಿಯ ಬಳಿಯ ಹುಡುಗಿ, “ಉಪ್ಪು ಇದ್ದಂಗ ಸರ್. ಅಗ್ಗ ಐತಿ, ಆದ್ರ ಇಲ್ಲಾಂದ್ರ ಸಾರು ಕೆಡ್ತೈತಿ” ಎಂದಳು. ಅಲ್ಪಾವಧಿಯಲ್ಲಿ ಬದಲಿ ಇಲ್ಲದ, ಒಟ್ಟು ವೆಚ್ಚದಲ್ಲಿ ಅತಿ ಸಣ್ಣ ಪಾಲಿನ ವಸ್ತುವಿಗೆ ಬೇಡಿಕೆಯ ಸ್ಥಿತಿಸ್ಥಾಪಕತ್ವ ಕಡಿಮೆ ಎಂಬ ಪರಿಭಾಷೆಯನ್ನು ಇದಾದ ಮೇಲೆ ಕೊಟ್ಟರೆ ಅದು ನಾಲಿಗೆಗೆ ಭಾರವಾಗುವುದಿಲ್ಲ.

ಆದರೆ ಉಪ್ಪಿನ ಉಪಮೆ ಒಂದು ಕಡೆ ನಿಲ್ಲುತ್ತದೆ. ಉಪ್ಪಿಗೆ ಬದಲಿ ಇಲ್ಲ. ಆಯಸ್ಕಾಂತಕ್ಕೆ ಸಮಯ ಕೊಟ್ಟರೆ ಇದೆ. ಟೆಸ್ಲಾದ ಮೊದಲ ಮಾಡೆಲ್ ಎಸ್ ಕಾರು ಶಾಶ್ವತ ಆಯಸ್ಕಾಂತವಿಲ್ಲದ ಇಂಡಕ್ಷನ್ ಮೋಟಾರಿನಿಂದ ಓಡಿತು. ಬದಲಿಗೆ ತೆರಬೇಕಾದದ್ದು ತೂಕ, ಜಾಗ ಮತ್ತು ಸ್ವಲ್ಪ ದಕ್ಷತೆ. ಕಾರ್ಖಾನೆಯ ವಿನ್ಯಾಸ ಬದಲಿಸಲು ವರ್ಷಗಳು ಬೇಕು. ಅಲ್ಪಾವಧಿ, ದೀರ್ಘಾವಧಿ ಎಂಬ ಭೇದಕ್ಕೆ ಇದೇ ಉದಾಹರಣೆ.

ಇದರ ಇತಿಹಾಸಕ್ಕೆ ನಮ್ಮ ಉಳ್ಳಾಗಡ್ಡಿಯೇ ಸಾಕು. ಒಂದು ವರ್ಷ ರೇಟು ಏರಿದರೆ ಮರುವರ್ಷ ಎಲ್ಲರೂ ಉಳ್ಳಾಗಡ್ಡಿ ಹಾಕುತ್ತಾರೆ, ರೇಟು ಬೀಳುತ್ತದೆ. 2010ರ ಸೆಪ್ಟೆಂಬರ್‌ನಲ್ಲಿ ಸೆಂಕಾಕು ದ್ವೀಪಗಳ ಬಳಿ ಚೀನಾದ ಮೀನುಗಾರಿಕಾ ದೋಣಿ ಜಪಾನಿನ ಕಾವಲು ಹಡಗುಗಳಿಗೆ ಡಿಕ್ಕಿಯಾದ ನಂತರ ಜಪಾನಿಗೆ ಬರುತ್ತಿದ್ದ ಸರಕು ತಡೆಯಿತು. 2011ರ ಮಧ್ಯದ ಹೊತ್ತಿಗೆ ಹಲವು ಧಾತುಗಳ ಬೆಲೆ ಹತ್ತು ಪಟ್ಟು ಮೀರಿತು. ಜಪಾನ್ ಬಳಕೆ ಕಡಿಮೆ ಮಾಡಿತು, ಆಸ್ಟ್ರೇಲಿಯಾದ ಗಣಿಗೆ ಹಣ ಹಾಕಿತು. 2002ರಲ್ಲಿ ನಿಂತಿದ್ದ ಮೌಂಟನ್ ಪಾಸ್ ಗಣಿ ಮತ್ತೆ ತೆರೆಯಿತು. ಅಷ್ಟರಲ್ಲಿ ಬೆಲೆ ಕುಸಿಯಿತು. 2015ರಲ್ಲಿ ಆ ಗಣಿಯ ಮಾಲೀಕ ಕಂಪನಿ ಮಾಲಿಕಾರ್ಪ್ ದಿವಾಳಿಯಾಯಿತು. “ಹಂಗಾದ್ರ ಬೆಂಬಲ ಬೆಲಿ ಬೇಕಲ್ರಿ” ಎಂದ ಹೆಸರು ಬೆಳೆಯುವ ರೈತನ ಮಗ. ಅಮೆರಿಕ 2025ರ ಜುಲೈನಲ್ಲಿ ಮಾಡಿದ್ದು ಅದನ್ನೇ. ಮೌಂಟನ್ ಪಾಸ್‌ನ ಈಗಿನ ಒಡೆತನದ ಕಂಪನಿಗೆ ಹತ್ತು ವರ್ಷ ಕಿಲೋಗೆ 110 ಡಾಲರ್ ಕನಿಷ್ಠ ಬೆಲೆಯ ಭರವಸೆ ಕೊಟ್ಟಿತು. ಅದು ಆಗಿನ ಮಾರುಕಟ್ಟೆ ದರಕ್ಕಿಂತ ಬಹಳ ಹೆಚ್ಚು. 2025ರ ಏಪ್ರಿಲ್‌ನಲ್ಲಿ ಚೀನಾ ಡಿಸ್ಪ್ರೋಸಿಯಂ, ಟರ್ಬಿಯಂ ಸಹಿತ ಏಳು ಧಾತುಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದ್ದೇ ಈ ಆತುರದ ಹಿನ್ನೆಲೆ. ಭಾರತದ ವಾಹನ ಕಾರ್ಖಾನೆಗಳಿಗೂ ಆಯಸ್ಕಾಂತದ ಕೊರತೆಯ ಬಿಸಿ ತಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ ವರ್ಷಕ್ಕೆ 6,000 ಟನ್ ಆಯಸ್ಕಾಂತ ತಯಾರಿಸುವ ಗುರಿಯ 7,280 ಕೋಟಿ ರೂಪಾಯಿ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಈ ಹಣ ಸರಪಳಿಯ ಯಾವ ಕೊಂಡಿಗೆ ಹೋಗುತ್ತಿದೆ ಎಂದು ಮಕ್ಕಳು ಹಲಗೆಯ ಮೇಲೆ ಬೆರಳಿಟ್ಟು ತೋರಿಸಿದರು.

ಮೂರನೆಯ ಅವಧಿ: ಕಸ ಮತ್ತು ತಕ್ಕಡಿ

ಬೇರ್ಪಡಿಸುವ ಕೆಲಸ ಇಷ್ಟು ಲಾಭದ್ದಾದರೆ ಉಳಿದ ದೇಶಗಳು ಏಕೆ ಬಿಟ್ಟುಕೊಟ್ಟವು? ಈ ಪ್ರಶ್ನೆಯಿಂದ ಅವಧಿ ಆರಂಭವಾಯಿತು. ಆಮ್ಲ ತುಂಬಿದ ನೀರು, ಥೋರಿಯಂ ಉಳಿಕೆ, ಕೆಸರಿನ ಕೊಳ: ಇವು ಬೇರ್ಪಡಿಸುವ ಕಾರ್ಖಾನೆಯ ಇನ್ನೊಂದು ಉತ್ಪನ್ನ. ಮಲೇಷ್ಯಾದ ಬುಕಿತ್ ಮೆರಾದಲ್ಲಿ 1982ರಲ್ಲಿ ಆರಂಭವಾದ ಘಟಕದ ವಿಕಿರಣಶೀಲ ತ್ಯಾಜ್ಯದ ವಿರುದ್ಧ ಊರಿನವರು ನ್ಯಾಯಾಲಯಕ್ಕೆ ಹೋದರು. 1994ರಲ್ಲಿ ಅದು ಮುಚ್ಚಿತು, ಶುದ್ಧಿಯ ಕೆಲಸ ವರ್ಷಗಟ್ಟಲೆ ನಡೆಯಿತು. ಚೀನಾದ ಒಳಮಂಗೋಲಿಯಾದ ಬಯಾನ್ ಓಬೊ ಜಗತ್ತಿನ ಅತಿ ದೊಡ್ಡ ನಿಕ್ಷೇಪ. ಅದರ ಅದಿರು ಸಂಸ್ಕರಣೆಯಾಗುವ ಬಾವೊತೌ ನಗರದ ಬಳಿ ಉಳಿಕೆ ತುಂಬಿದ ಬೃಹತ್ ಕೊಳವಿದೆ. ಮ್ಯಾನ್ಮಾರ್‌ನ ಕಚಿನ್ ಪ್ರದೇಶದಲ್ಲಿ ಗುಡ್ಡಕ್ಕೇ ಅಮೋನಿಯಂ ಸಲ್ಫೇಟ್ ದ್ರಾವಣ ಇಳಿಸಿ, ಜೇಡಿಮಣ್ಣಿನಿಂದ ಭಾರವಾದ ಧಾತುಗಳನ್ನು ಬಸಿಯುತ್ತಾರೆ; ಹೊಳೆ ನೀರು ಕೆಡುತ್ತದೆ. ಕಿಲೋಗೆ 60 ಡಾಲರ್ ಎಂಬ ದರದಲ್ಲಿ ಈ ನೀರಿನ ಬೆಲೆ ಇಲ್ಲ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಬಾಹ್ಯ ವೆಚ್ಚ ಎನ್ನುತ್ತೇವೆ. ಮಕ್ಕಳ ಮಾತಿನಲ್ಲಿ, ಒಬ್ಬರು ಊಟ ಮಾಡಿ ಇನ್ನೊಬ್ಬರ ಅಂಗಳದಲ್ಲಿ ಎಲೆ ಎಸೆಯುವುದು.

ಇಲ್ಲಿಗೆ ಪಾಠ ನಿಲ್ಲಿಸಿದರೆ ಅಪಾಯ. “ಹಂಗಾದ್ರ ಕಲ್ಲಿದ್ದಲಾ ಚಲೋ ಅಲ್ರಿ?” ಎಂಬ ಮಾತು ಬಂದೇ ಬಂತು. ಇದಕ್ಕೆ ಉತ್ತರವನ್ನು ನಾನು ಹೇಳಲಿಲ್ಲ. ತೂಕ ಮಾಡಿ ನೋಡಿ ಎಂದೆ. ಶಾಶ್ವತ ಆಯಸ್ಕಾಂತ ಇರುವ, ಗೇರ್‌ಬಾಕ್ಸ್ ಇಲ್ಲದ 2 ಮೆಗಾವ್ಯಾಟ್ ಗಾಳಿಯಂತ್ರ ತೆಗೆದುಕೊಂಡೆವು. ಮೆಗಾವ್ಯಾಟಿಗೆ ಸುಮಾರು 600 ಕಿಲೋದಂತೆ 1,200 ಕಿಲೋ ಆಯಸ್ಕಾಂತ, ಅದರಲ್ಲಿ 360 ಕಿಲೋ ವಿರಳ ಭೂಧಾತು. ಅದಿರಿನಲ್ಲಿ ಆಯಸ್ಕಾಂತಕ್ಕೆ ಬೇಕಾದ ಧಾತು ನೂರಕ್ಕೆ ಒಂದು ಪಾಲು ಎಂದರೆ 36 ಟನ್ ಅದಿರು. ಸಾವಿರಕ್ಕೆ ಒಂದು ಎಂದರೆ 360 ಟನ್. ಇದೆಲ್ಲ ಒಂದು ಸಲ, 20 ವರ್ಷಕ್ಕೆ.

ಇನ್ನೊಂದು ತಟ್ಟೆಯಲ್ಲಿ ಕಲ್ಲಿದ್ದಲು. ಆ ಯಂತ್ರ ಪೂರ್ಣ ಸಾಮರ್ಥ್ಯದ ಶೇ. 30ರಷ್ಟು ಕೆಲಸ ಮಾಡಿದರೆ ವರ್ಷಕ್ಕೆ ಸುಮಾರು 52.5 ಲಕ್ಷ ಯೂನಿಟ್. ಒಂದು ಯೂನಿಟ್‌ಗೆ 650 ಗ್ರಾಂ ಕಲ್ಲಿದ್ದಲು ಎಂದರೆ ವರ್ಷಕ್ಕೆ ಸುಮಾರು 3,400 ಟನ್. ಹೆಚ್ಚುಕಡಿಮೆ ಒಂದು ಪೂರ್ತಿ ಗೂಡ್ಸ್ ರೈಲು. 20 ವರ್ಷಕ್ಕೆ 68,000 ಟನ್. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿ ಇಲ್ಲ. ವಿಜಯಪುರ ಜಿಲ್ಲೆಯ ಕೂಡಗಿ ಸ್ಥಾವರಕ್ಕೂ, ರಾಯಚೂರಿಗೂ ಅದು ಹೊರಗಿನಿಂದಲೇ ಬರಬೇಕು. ಗಾಳಿಯಂತ್ರದ ಉಕ್ಕು ಮತ್ತು ಕಾಂಕ್ರೀಟಿನ ನೂರಾರು ಟನ್‌ಗಳನ್ನು ಸೇರಿಸಿದರೂ ತಕ್ಕಡಿ ಎತ್ತ ವಾಲುತ್ತದೆ ಎಂಬುದು ಸ್ಪಷ್ಟ. ಆದರೆ ತೂಕ ಕಡಿಮೆ ಎಂದ ಮಾತ್ರಕ್ಕೆ ಕಚಿನ್‌ನ ಹೊಳೆಯವರಿಗೆ ಅನ್ಯಾಯ ಆಗಿಲ್ಲ ಎಂದಲ್ಲ. ಎರಡು ವಾಕ್ಯಗಳನ್ನೂ ಒಟ್ಟಿಗೆ ಬರೆಯಿಸಿದೆ.

ಕೊನೆಯ ಅಂಶ ಅವಲಂಬನೆಯದು. ಪೆಟ್ರೋಲ್ ಬರುವುದು ನಿಂತರೆ ಏನಾಗುತ್ತದೆ, ಆಯಸ್ಕಾಂತ ಬರುವುದು ನಿಂತರೆ ಏನಾಗುತ್ತದೆ ಎಂದು ಕೇಳಿದೆ. ಪೆಟ್ರೋಲ್ ನಿಂತರೆ ಇರುವ ಗಾಡಿಗಳೂ ಕೆಲವೇ ದಿನಗಳಲ್ಲಿ ನಿಲ್ಲುತ್ತವೆ. ಆಯಸ್ಕಾಂತ ನಿಂತರೆ ಹೊಸ ಗಾಡಿಗಳು ತಯಾರಾಗುವುದಿಲ್ಲ, ಓಡುತ್ತಿರುವವು ಓಡುತ್ತಲೇ ಇರುತ್ತವೆ. ಇಂಧನ ಉರಿದು ಹೋಗುತ್ತದೆ. ಲೋಹ ಯಂತ್ರದಲ್ಲಿ ಉಳಿಯುತ್ತದೆ, ಯಂತ್ರ ಹಳೆಯದಾದ ಮೇಲೆ ತೆಗೆದು ಮತ್ತೆ ಬಳಸಲೂ ಬಹುದು. ಈಗ ಆ ಮರುಬಳಕೆ ಬಹಳ ಕಡಿಮೆ, ಏಕೆಂದರೆ ಹಳೆಯ ಮೋಟಾರಿನಿಂದ ಆಯಸ್ಕಾಂತ ಬಿಡಿಸುವ ಕೂಲಿ ಹೊಸ ಆಕ್ಸೈಡಿನ ಬೆಲೆಯನ್ನು ಮೀರುತ್ತದೆ. ಮತ್ತೆ ರಾಗಿ-ಸಾಸಿವೆಯ ಪ್ರಶ್ನೆಯೇ.

ಮೌಲ್ಯಮಾಪನ

ಬಹು ಆಯ್ಕೆಯ ಪ್ರಶ್ನೆಗಳನ್ನು ಇಡಲಿಲ್ಲ. ಒಂದೇ ಪ್ರಶ್ನೆ ಕೊಟ್ಟೆ: ‘ನಿಮ್ಮ ಊರಿನ ಹತ್ತಿರ ವಿರಳ ಭೂಧಾತು ಬೇರ್ಪಡಿಸುವ ಕಾರ್ಖಾನೆ ಬರುತ್ತದೆ ಎಂದುಕೊಳ್ಳಿ. ಗ್ರಾಮಸಭೆಯಲ್ಲಿ ನೀವು ಕೇಳುವ ಮೂರು ಪ್ರಶ್ನೆಗಳನ್ನು ಬರೆಯಿರಿ. ಪ್ರತಿ ಪ್ರಶ್ನೆಗೂ ಕಾರಣ ಕೊಡಿ.’ ಕಾರ್ಖಾನೆ ಬೇಕು ಅಥವಾ ಬೇಡ ಎಂಬುದಕ್ಕೆ ಅಂಕವಿಲ್ಲ, ಕಾರಣಕ್ಕೆ ಮಾತ್ರ ಅಂಕ ಎಂದು ಮೊದಲೇ ತಿಳಿಸಿದೆ. ಹೆಚ್ಚಿನವರು ನೀರಿನ ಬಗ್ಗೆ, ಕೆಲಸದ ಬಗ್ಗೆ ಕೇಳಿದರು. ಒಂದು ಗುಂಪು, ‘ಬೆಲೆ ಬಿದ್ದು ಕಂಪನಿ ಮುಚ್ಚಿದರೆ ಕೊಳವನ್ನು ಯಾರು ಕಾಯುತ್ತಾರೆ? ಆ ಹಣವನ್ನು ಮೊದಲೇ ಠೇವಣಿ ಇಡಿಸಿಕೊಳ್ಳಬೇಕು’ ಎಂದು ಬರೆದಿತ್ತು. ಎರಡನೆಯ ಮತ್ತು ಮೂರನೆಯ ಅವಧಿಯನ್ನು ಕೂಡಿಸಿದ ಈ ಉತ್ತರಕ್ಕೆ ಪೂರ್ಣ ಅಂಕ.

ಪ್ರಶಿಕ್ಷಣಾರ್ಥಿಗಳ ಗಮನಕ್ಕೆ

ಒಂದು: ಪಾರಿಭಾಷಿಕ ಪದವನ್ನು ಅರ್ಥವಿವರಣೆಯಿಂದ ಆರಂಭಿಸಬೇಡಿ. ಅದು ಮಕ್ಕಳ ಮನಸ್ಸಿನಲ್ಲಿ ಆಗಲೇ ಮೂಡಿಸಿರುವ ಚಿತ್ರವನ್ನು ಮೊದಲು ಕೇಳಿ, ಅಂಕಿಯ ಮುಂದೆ ನಿಲ್ಲಿಸಿ.

ಎರಡು: ಅಂಕಿಗಳಲ್ಲಿ ಯಾವುದು ಪ್ರಕಟಿತ ಅಂದಾಜು, ಯಾವುದು ಲೆಕ್ಕಕ್ಕಾಗಿ ನಾವು ಹಿಡಿದದ್ದು ಎಂಬುದನ್ನು ಹಲಗೆಯ ಮೇಲೆ ಬೇರೆ ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯಿರಿ. ಬೆಲೆ ದಿನವೂ ಬದಲಾಗುತ್ತದೆ. ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಮೂರು: ಉಪಮೆ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಮಕ್ಕಳಿಂದಲೇ ಹೇಳಿಸಿ. ಉಪ್ಪಿಗೆ ಬದಲಿ ಇಲ್ಲ, ಆಯಸ್ಕಾಂತಕ್ಕೆ ತಡವಾಗಿಯಾದರೂ ಇದೆ ಎಂಬ ವ್ಯತ್ಯಾಸದಲ್ಲೇ ಒಂದು ಇಡೀ ಕಲಿಕಾಂಶ ಅಡಗಿದೆ.

ನಾಲ್ಕು: ಹಸಿರು ಶಕ್ತಿ ಎಲ್ಲವನ್ನೂ ಪರಿಹರಿಸುತ್ತದೆ ಎಂಬ ಘೋಷಣೆಯನ್ನಾಗಲಿ, ಅದೂ ಕಲ್ಲಿದ್ದಲಿನಷ್ಟೇ ಕೆಟ್ಟದ್ದು ಎಂಬ ಘೋಷಣೆಯನ್ನಾಗಲಿ ತರಗತಿಯಿಂದ ಹೊರಗೆ ಕಳಿಸಬೇಡಿ. ಕರಾವಳಿಯ ಕಾಲೇಜಿನವರು ಗಾಳಿಯಂತ್ರದ ಬದಲು ಕಡಲ ಮರಳಿನಿಂದ, ತುಮಕೂರು ಕಡೆಯವರು ಪಾವಗಡದ ಫಲಕದಿಂದ ಪಾಠ ಆರಂಭಿಸಬಹುದು. ಎಲ್ಲಿಂದ ಹೊರಟರೂ ಮಕ್ಕಳು ಮೂರು ಪ್ರಶ್ನೆಗಳನ್ನು ತಾವೇ ಕೇಳುವಂತಾಗಲಿ: ಎಲ್ಲಿದೆ, ಬೇರ್ಪಡಿಸುವವರು ಯಾರು, ಉಳಿದ ಕಸ ಯಾರ ಅಂಗಳಕ್ಕೆ ಹೋಗುತ್ತದೆ.